ಕಾಫಿ ಕಳವಿಗೆ ಗಣಕದ ಮುನ್ಸೂಚನೆ: ಠಾಣೆಯ ದಾಖಲೆ ಎಷ್ಟು ಹೇಳಬಲ್ಲದು?

ಪ್ರಶ್ನೆ: ನಾನು ಆಲ್ದೂರು ಸಮೀಪದ ಸಣ್ಣ ಕಾಫಿ ಬೆಳೆಗಾರ. ಕಳೆದ ಕೊಯ್ಲಿನಲ್ಲಿ ಕಣದಿಂದ ನನ್ನ ಆರು ಚೀಲ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ ಬೀಜ) ಕಳುವಾಯಿತು. ನೆರೆಯ ಎರಡು ತೋಟಗಳಲ್ಲೂ ಹೀಗೇ ಆಗಿದೆ. ಹಳೆಯ ಪ್ರಕರಣಗಳ ದತ್ತಾಂಶದಿಂದ ಮುಂದಿನ ಕಳವು ಎಲ್ಲಿ, ಯಾರಿಂದ ಆಗಬಹುದೆಂದು ಮೊದಲೇ ತಿಳಿಸುವ ತಂತ್ರಾಂಶವನ್ನು ಪೊಲೀಸರು ತರಿಸಿಕೊಳ್ಳಬೇಕು, ಅದಕ್ಕೆ ನೆರವಾಗಲು ತೋಟದ ಸಾಲುಮನೆಗಳಾದ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಹೆಸರು, ಊರು, ಆಧಾರ್, ಫೋಟೊಗಳನ್ನು ನಾವೇ ಒದಗಿಸಬೇಕು ಎಂಬ ಠರಾವು ನಮ್ಮ ಬೆಳೆಗಾರರ ಸಭೆಯ ಮುಂದೆ ಬರಲಿದೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ‘ಇದು ಬಡವರ ಮೇಲೆ ಬೀಳುವ ಪದ್ಧತಿ, ಅಮೆರಿಕದಲ್ಲೇ ಕೈಬಿಟ್ಟಿದ್ದಾರೆ’ ಎನ್ನುತ್ತಾಳೆ. ಮಾಲು ಕಳೆದುಕೊಂಡವನಾದ ನಾನು ಠರಾವಿಗೆ ಕೈ ಎತ್ತಬೇಕೋ ಬೇಡವೋ?

ಉತ್ತರ: ಆರು ಚೀಲ ಪಾರ್ಚ್‌ಮೆಂಟ್ ಎಂದರೆ ಸಣ್ಣ ಬೆಳೆಗಾರನಿಗೆ ಒಂದು ಹಂಗಾಮಿನ ಗೊಬ್ಬರದ ಖರ್ಚೋ ಹಲವು ವಾರಗಳ ಬಟವಾಡೆಯೋ ಆಗಿರುತ್ತದೆ. ಹಾಗಾಗಿ ನಿಮ್ಮ ನಷ್ಟವನ್ನು ಬದಿಗಿಟ್ಟು ಬರೀ ತತ್ವ ಹೇಳಲು ನನಗೆ ಮನಸ್ಸಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಠರಾವಿನಲ್ಲಿ ‘ಎಲ್ಲಿ’ ಎಂಬ ಪ್ರಶ್ನೆಯೂ ‘ಯಾರು’ ಎಂಬ ಪ್ರಶ್ನೆಯೂ ಒಂದೇ ಉಸಿರಿನಲ್ಲಿ ಬಂದಿವೆ. ಇವೆರಡನ್ನು ಬೇರ್ಪಡಿಸದೆ ಕೈ ಎತ್ತಬೇಡಿ. ‘ಎಲ್ಲಿ’ ಎಂಬುದಕ್ಕೆ ಕೆಲವು ಷರತ್ತುಗಳ ಮೇಲೆ ಒಪ್ಪಬಹುದು, ಆದರೆ ಅದರಿಂದ ನಿಮ್ಮ ತಾಲ್ಲೂಕಿನಲ್ಲಿ ದೊಡ್ಡ ಲಾಭ ನಿರೀಕ್ಷಿಸುವಂತಿಲ್ಲ. ‘ಯಾರು’ ಎಂಬುದನ್ನು, ಕಾರ್ಮಿಕರ ಪಟ್ಟಿಯ ಸಮೇತ, ವಿರೋಧಿಸಬೇಕು.

ಮೊದಲು ಈ ಪದ್ಧತಿಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ಸ್ಥಳವನ್ನು ಊಹಿಸುವ ತಂತ್ರಾಂಶಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ಪ್ರೆಡ್‌ಪೋಲ್. ಅದರ ಗಣಿತ ಬಂದದ್ದು ಭೂಕಂಪಶಾಸ್ತ್ರದಿಂದ. ದೊಡ್ಡ ಕಂಪನವಾದ ಮೇಲೆ ಆಸುಪಾಸಿನಲ್ಲೇ ಕೆಲ ದಿನ ಮರುಕಂಪನಗಳು ಆಗುವಂತೆ, ಒಂದು ಮನೆಗೆ ಕನ್ನ ಬಿದ್ದರೆ ಅದೇ ಬೀದಿಯಲ್ಲಿ ಕೆಲವು ವಾರಗಳೊಳಗೆ ಇನ್ನೊಂದು ಕನ್ನ ಬೀಳುವ ಸಂಭವ ಹೆಚ್ಚು ಎಂಬುದು ಅದರ ಆಧಾರ. ಅಪರಾಧದ ಬಗೆ, ಸ್ಥಳ, ಸಮಯ ಎಂಬ ಮೂರೇ ಸಂಗತಿಗಳನ್ನು ತೆಗೆದುಕೊಂಡು, ಊರನ್ನು 500 ಅಡಿ ಉದ್ದ, 500 ಅಡಿ ಅಗಲದ ಚೌಕಗಳಾಗಿ ಸೀಳಿ, ಈ ಸರದಿಯಲ್ಲಿ ಯಾವ ಚೌಕಗಳ ಮೇಲೆ ಕಣ್ಣಿಡಬೇಕೆಂದು ಅದು ಹೇಳುತ್ತಿತ್ತು. ವ್ಯಕ್ತಿಗಳನ್ನು ಊಹಿಸುವ ಪದ್ಧತಿಗೆ ಷಿಕಾಗೊ ಪೊಲೀಸರು 2013ರ ಸುಮಾರಿಗೆ ಬಳಕೆಗೆ ತಂದ ಪಟ್ಟಿ ಉದಾಹರಣೆ. ಗುಂಡೇಟಿಗೆ ಸಿಗುವ ಇಲ್ಲವೇ ಗುಂಡು ಹಾರಿಸುವ ಸಂಭವವಿದೆ ಎಂದು ಎಣಿಸಿದವರ ಹೆಸರುಗಳು ಅದರಲ್ಲಿದ್ದವು. ಮೊದಲ ಆವೃತ್ತಿಯಲ್ಲಿ ಕೆಲವು ನೂರರಷ್ಟಿದ್ದ ಹೆಸರುಗಳು ಕೆಲವೇ ವರ್ಷಗಳಲ್ಲಿ ಸುಮಾರು 4 ಲಕ್ಷಕ್ಕೆ ಬೆಳೆದವು. ಬಾಗಿಲು ತೆರೆದ ಪಟ್ಟಿ ಹೇಗೆ ಉಬ್ಬುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಅಪರಾಧ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಮಿನಿಯಾಪೊಲಿಸ್ ನಗರದ ಬಗ್ಗೆ ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಕೇವಲ ನೂರಕ್ಕೆ ಮೂರರಷ್ಟು ವಿಳಾಸಗಳಿಂದ ಬಂದಿದ್ದವು. ಇಂಥ ಜಾಗಗಳಲ್ಲಿ ಗಸ್ತು ಹೆಚ್ಚಿಸಿದರೆ ಅಲ್ಲಿ ಅಪರಾಧ ತಗ್ಗುತ್ತದೆ ಎಂಬುದನ್ನು ನಂತರದ ಹಲವು ಪ್ರಯೋಗಗಳು ತೋರಿಸಿವೆ. ಪ್ರೆಡ್‌ಪೋಲ್ ಕಟ್ಟಿದವರೇ ಲಾಸ್ ಏಂಜಲೀಸ್‌ನಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಾಧ ಸುಮಾರು 7.4 ಶೇಕಡಾ ಇಳಿಯಿತೆಂದು ವರದಿಯಾಯಿತು. ಪರವಾಗಿ ವಾದಿಸುವವರ ಇನ್ನೊಂದು ಮಾತು ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಗಣಕವಿಲ್ಲದಿದ್ದರೂ ಪೊಲೀಸರು ಊಹೆ ಮಾಡಿಯೇ ಮಾಡುತ್ತಾರೆ, ಇನ್‌ಸ್ಪೆಕ್ಟರರ ತಲೆಯೊಳಗಿನ ಪೂರ್ವಗ್ರಹವನ್ನು ಯಾರೂ ತೆರೆದು ಪರೀಕ್ಷಿಸಲಾರರು, ಆದರೆ ತಂತ್ರಾಂಶದ ಲೆಕ್ಕವನ್ನು ಪರೀಕ್ಷಿಸಬಹುದು ಎಂಬುದು ಆ ವಾದ. ಮಾತು ನಿಜ, ಪರೀಕ್ಷಿಸಲು ಬಿಟ್ಟರೆ. ಮಾರುವ ಕಂಪನಿಗಳು ವ್ಯಾಪಾರದ ಗುಟ್ಟು ಎಂದು ಅದನ್ನು ಮುಚ್ಚಿಡುವುದೇ ಹೆಚ್ಚು.

ನಿಮ್ಮ ಮಗಳು ಹೇಳಿದ್ದು ಬಹುಪಾಲು ಸರಿ, ಪೂರ್ತಿ ಅಲ್ಲ. ಇಂಗ್ಲೆಂಡಿನ ಕೆಂಟ್ ಪೊಲೀಸರು 2018ರಲ್ಲಿ, ಲಾಸ್ ಏಂಜಲೀಸ್ ಪೊಲೀಸರು 2020ರಲ್ಲಿ ಪ್ರೆಡ್‌ಪೋಲ್ ಕೈಬಿಟ್ಟರು. ಅದು ಮೊದಲು ಬೆಳೆದ ಊರುಗಳಲ್ಲೊಂದಾದ ಸಾಂತಾ ಕ್ರೂಸ್ 2020ರ ಜೂನ್‌ನಲ್ಲಿ ಇಂಥ ಪದ್ಧತಿಯನ್ನೇ ನಿಷೇಧಿಸಿತು. ಷಿಕಾಗೊದ ಪಟ್ಟಿ 2019ರ ಕೊನೆಯಲ್ಲಿ ನಿಂತಿತು. ಆದರೆ ಅಮೆರಿಕ ಇಡಿಯಾಗಿ ಬಿಟ್ಟಿಲ್ಲ, ಬೇರೆ ಬೇರೆ ಹೆಸರಿನ ತಂತ್ರಾಂಶಗಳು ಅಲ್ಲಿ ಇಂದಿಗೂ ಮಾರಾಟವಾಗುತ್ತವೆ. ಭಾರತದಲ್ಲಿ ದೆಹಲಿ ಪೊಲೀಸರು ಕಳೆದ ದಶಕದಲ್ಲೇ ಅಪರಾಧ ನಕ್ಷೆ ಮತ್ತು ಮುನ್ಸೂಚನೆಯ ವ್ಯವಸ್ಥೆಯೊಂದನ್ನು ಕಟ್ಟಿಕೊಂಡರು, ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಪೊಲೀಸ್ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಒದಗಿಸುವ ಮಾರ್ವೆಲ್ ಎಂಬ ಕಂಪನಿಯನ್ನೇ ಸ್ಥಾಪಿಸಿತು. ಹಾಗಾಗಿ ಇಂದಲ್ಲ ನಾಳೆ ಈ ಪ್ರಶ್ನೆ ಚಿಕ್ಕಮಗಳೂರಿಗೂ ಹಾಸನಕ್ಕೂ ಬರುವಂಥದ್ದೇ.

ಈಗ ಇಡೀ ಚರ್ಚೆಯ ಬೇರಿಗೆ ಬರುತ್ತೇನೆ. ಹೂಮಳೆಯ ದಿನಗಳಲ್ಲಿ ‘ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್?’ ಎಂದು ಕೇಳದೆ ನಮ್ಮ ಕಡೆ ಯಾರೂ ಫೋನು ಇಡುವುದಿಲ್ಲ. ಮಳೆಮಾಪಕ ಇಟ್ಟ ತೋಟದವರಿಗೆ ಉತ್ತರ ಗೊತ್ತಿರುತ್ತದೆ. ಮಾಪಕವಿಲ್ಲದ ತೋಟದಲ್ಲಿ ಮಳೆಯೇ ಬೀಳಲಿಲ್ಲ ಎಂದು ಯಾವ ಬೆಳೆಗಾರನೂ ಬರೆದುಕೊಳ್ಳುವುದಿಲ್ಲ. ಠಾಣೆಯ ದಾಖಲೆಯನ್ನು ಅಪರಾಧದ ನಕ್ಷೆ ಎಂದು ಓದುವಾಗ ನಾವು ಮಾಡುವ ತಪ್ಪು ಇದೇ. ಆ ದಾಖಲೆ ಹೇಳುವುದು ಎಲ್ಲಿ ಕಳವು ಆಯಿತು ಎಂಬುದನ್ನಲ್ಲ, ಯಾರು ಠಾಣೆಯ ಮೆಟ್ಟಿಲು ಹತ್ತಿದರು, ಹತ್ತಿದವರಲ್ಲಿ ಯಾರ ದೂರನ್ನು ಬರೆದುಕೊಂಡರು, ಪೊಲೀಸರು ತಾವಾಗಿ ಎಲ್ಲಿಗೆ ಹೋಗಿ ಹುಡುಕಿದರು ಎಂಬುದನ್ನು. ದೊಡ್ಡ ಎಸ್ಟೇಟಿನ ಮ್ಯಾನೇಜರು ಹತ್ತು ಚೀಲ ಹೋದರೆ ಅದೇ ದಿನ ದೂರು ಕೊಡುತ್ತಾರೆ. ಎರಡು ಎಕರೆಯವನು ‘ಯಾರಿಗೆ ಬೇಕು ಆ ಅಲೆದಾಟ’ ಎಂದು ಸುಮ್ಮನಾಗುತ್ತಾನೆ. ಲೈನ್ ಮನೆಯ ಹೆಂಗಸಿನ ಮೊಬೈಲೋ ಮೂಗುತಿಯೋ ಕಳುವಾದರೆ ಅದು ದೂರಿನ ರೂಪ ತಾಳುವುದೇ ಅಪರೂಪ. ಹೀಗೆ ಕಟ್ಟಿದ ದತ್ತಾಂಶದಲ್ಲಿ ಲೈನ್ ಮನೆಯವರು ಆರೋಪಿಗಳಾಗಿ ಕಾಣಿಸಿಕೊಳ್ಳಬಹುದು, ಕಳೆದುಕೊಂಡವರಾಗಿ ಕಾಣಿಸುವುದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ, ಕಾನೂನು ಬದಲಾದರೂ ದತ್ತಾಂಶ ಬದಲಾಗುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳು ಜಾರಿಗೆ ಬಂದವು. ಹಿಂದೆ ಯಾವ ಮೊತ್ತದ ಕಳವಾದರೂ ಸಂಜ್ಞೇಯ ಅಪರಾಧವಾಗಿತ್ತು, ಎಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರು ಪ್ರಕರಣ ದಾಖಲಿಸಿ ತನಿಖೆ ಮಾಡಬಹುದಿತ್ತು. ಈಗ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಸಾದಾ ಕಳವು ಅಸಂಜ್ಞೇಯವಾಗಿದೆ. ಅಂದರೆ ಅದಕ್ಕೆ ಎಫ್‌ಐಆರ್ ಇಲ್ಲ, ಅಸಂಜ್ಞೇಯ ದೂರುಗಳ ಎನ್‌ಸಿ ಪುಸ್ತಕದಲ್ಲಿ ಒಂದು ನಮೂದು, ನ್ಯಾಯಾಧೀಶರ ಅಪ್ಪಣೆಯಿಲ್ಲದೆ ತನಿಖೆಯೂ ಇಲ್ಲ. ಇದನ್ನು ಕಾಫಿಗೆ ಹೊಂದಿಸಿ ನೋಡಿ. ಕೆಲವು ವರ್ಷಗಳ ಹಿಂದೆ 50 ಕೆ.ಜಿ.ಯ ರೊಬಸ್ಟಾ ಚೆರಿ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಚೀಲ 4,000 ರೂಪಾಯಿಯ ಒಳಗಿತ್ತು, 2024ರಲ್ಲಿ ಅದು 10,000 ದಾಟಿತು, 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಚೀಲ 20,000 ದಾಟಿತು. ಇಂದಿನ ಕಾನೂನಿನಡಿ ಹಳೆಯ ಬೆಲೆಯ ಒಂದು ಚೀಲ ಹೋದರೆ ಎಫ್‌ಐಆರ್ ಆಗುವಂತಿಲ್ಲ, ಹೊಸ ಬೆಲೆಯ ಒಂದು ಚೀಲ ಹೋದರೆ ಆಗಲೇಬೇಕು. ಬೆಲೆ ಏರಿದ ವರ್ಷ ಕಳ್ಳರೂ ಹೆಚ್ಚಬಹುದು, ಆದರೆ ಕಳ್ಳತನ ಒಂದಿಷ್ಟೂ ಹೆಚ್ಚದಿದ್ದರೂ ಎಫ್‌ಐಆರ್‌ಗಳು ಹೆಚ್ಚುತ್ತವೆ. ಬೆಲೆ ಕುಸಿದ ವರ್ಷ, ತಾಲ್ಲೂಕು ಸುಧಾರಿಸಿತೆಂದು ಗಣಕ ಹೇಳುತ್ತದೆ. ಕಾಫಿ ಮಾರುಕಟ್ಟೆಯ ಏರಿಳಿತವನ್ನು ಅಪರಾಧದ ಏರಿಳಿತವೆಂದು ಕಲಿಯುವ ಯಂತ್ರಕ್ಕೆ ನಾವು ದುಡ್ಡು ಕೊಡುತ್ತೇವೆ ಎಂದಾಯಿತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿ ವರ್ಷದ ವರದಿಯಲ್ಲಿ ಅನುಸರಿಸುವ ನಿಯಮವೊಂದಿದೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಘೋರವಾದ ಒಂದನ್ನು ಮಾತ್ರ ಎಣಿಸಲಾಗುತ್ತದೆ. ಎಣಿಕೆಗೆ ಅದು ಅನುಕೂಲವೇ ಇರಬಹುದು, ಊಹೆಗೆ ಅಲ್ಲ. ದೂರು ದಾಖಲಿಸಿಕೊಳ್ಳುವುದರಲ್ಲಿ ಚುರುಕಾಗಿರುವ ಠಾಣೆ ಈ ಲೆಕ್ಕದಲ್ಲಿ ಕೆಟ್ಟ ಠಾಣೆಯಾಗಿ ಕಾಣುತ್ತದೆ. ಕೇರಳದ ಅಂಕಿಗಳು ದೊಡ್ಡದಾಗಿ ಕಾಣುವುದಕ್ಕೆ ಅಲ್ಲಿ ದೂರು ಸುಲಭವಾಗಿ ದಾಖಲಾಗುವುದು ಒಂದು ಮುಖ್ಯ ಕಾರಣವೆಂದು ಈ ವಿಷಯ ಬಲ್ಲ ಹಲವರು ಹೇಳುತ್ತಾರೆ.

ಹಿಂದೊಮ್ಮೆ ಒಂದು ಜಿಲ್ಲೆಯ ಹಳೆಯ ಕಳವು ಪ್ರಕರಣಗಳನ್ನು ವರ್ಗೀಕರಿಸುವ ಕೆಲಸದಲ್ಲಿ ನಾನು ಕೈಜೋಡಿಸಿದ್ದೆ. ಸಮಯದ ಕಾಲಂ ನೋಡಿದರೆ, ಕಳ್ಳರೆಲ್ಲ ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹಾಜರಾಗುತ್ತಿದ್ದರೇನೋ ಎನ್ನಿಸುವಂತಿತ್ತು! ಕಾರಣ ಸರಳ: ತೋಟದ ಲೆಕ್ಕ ಬರೆಯುವ ರೈಟರು ಕಣಕ್ಕೆ ಬಂದು ಚೀಲ ಕಾಣೆಯಾದದ್ದನ್ನು ಕಂಡ ಹೊತ್ತೇ ಕಳವಿನ ಹೊತ್ತಾಗಿ ದಾಖಲಾಗಿತ್ತು. ಸ್ಥಳದ ಕಥೆಯೂ ಹೀಗೆಯೇ. ಐವತ್ತು ಎಕರೆಯ ತೋಟದಲ್ಲಿ ಎಲ್ಲೇ ಕಳುವಾಗಿರಲಿ, ಬರೆದಿದ್ದದ್ದು ತೋಟದ ಹೆಸರು ಮತ್ತು ಠಾಣೆಯಿಂದ ಇಷ್ಟು ಕಿಲೋಮೀಟರ್ ದೂರ ಎಂದಷ್ಟೇ. ಅದನ್ನು ನಕ್ಷೆಗೆ ಇಳಿಸುವಾಗ ಗುರುತು ಬಿದ್ದದ್ದು ಗೇಟಿನ ಮೇಲೆ. ಮನೆ ನಂಬರೇ ಇಲ್ಲದ ಲೈನ್‌ನಲ್ಲಿ ಇಪ್ಪತ್ತು ಸಂಸಾರಗಳ ಎಲ್ಲ ಜಗಳವೂ ಒಂದೇ ಚುಕ್ಕೆಯ ಮೇಲೆ ಗುಡ್ಡೆಯಾಗುತ್ತದೆ, ಪೇಟೆಯ ಬಡಾವಣೆಯಲ್ಲಿ ಅಷ್ಟೇ ಜಗಳಗಳು ಇಪ್ಪತ್ತು ಬಾಗಿಲುಗಳ ಮೇಲೆ ಚೆದುರಿಹೋಗುತ್ತವೆ. ಗಣಕಕ್ಕೆ ಕಾಣುವುದು ಗುಡ್ಡೆ.

ಇಂಥ ದತ್ತಾಂಶ ತನ್ನ ತಪ್ಪನ್ನು ತಾನೇ ಬೆಳೆಸಿಕೊಳ್ಳುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದ. ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಮ್ ಐಸಾಕ್ 2016ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಮಾದಕವಸ್ತು ಪ್ರಕರಣಗಳನ್ನು ಪ್ರೆಡ್‌ಪೋಲ್ ಮಾದರಿಯ ಲೆಕ್ಕಕ್ಕೆ ಕೊಟ್ಟು ನೋಡಿದರು. ಆರೋಗ್ಯ ಸಮೀಕ್ಷೆಯ ಆಧಾರದ ಅಂದಾಜಿನಲ್ಲಿ ಮಾದಕವಸ್ತುಗಳ ಬಳಕೆ ನಗರದ ಎಲ್ಲೆಡೆ ಹರಡಿತ್ತು, ಆದರೆ ಗಣಕ ಮತ್ತೆ ಮತ್ತೆ ಬೆರಳು ತೋರಿಸಿದ್ದು ಮೊದಲೇ ಪೊಲೀಸರು ಹೆಚ್ಚು ಓಡಾಡಿದ್ದ ಕಪ್ಪು ಜನರ ಬಡ ಕೇರಿಗಳ ಕಡೆಗೆ. ಪೊಲೀಸರು ಹೋದಲ್ಲಿ ಪ್ರಕರಣ ಸಿಗುತ್ತದೆ, ಪ್ರಕರಣ ಸಿಕ್ಕಲ್ಲಿಗೆ ಗಣಕ ಮತ್ತೆ ಪೊಲೀಸರನ್ನು ಕಳಿಸುತ್ತದೆ. ಕೆರೆಯ ನೀರನ್ನು ಕೆರೆಗೆ ಚೆಲ್ಲಿ ಕೆರೆ ತುಂಬಿತೆಂದು ಲೆಕ್ಕ ಬರೆಯುವ ಹಾಗೆ.

ಈ ಆಕ್ಷೇಪವನ್ನು ನಿಮ್ಮ ಪ್ರಕರಣಕ್ಕೆ ಹಾಗೇ ಅಂಟಿಸುವುದು ಸರಿಯಲ್ಲ. ಇಸ್ಪೀಟು, ಗಾಂಜಾ, ಸಾರಾಯಿಯಂಥ ಪ್ರಕರಣಗಳು ಪೊಲೀಸರು ಹುಡುಕಿದರೆ ಹುಟ್ಟುವಂಥವು. ಅವುಗಳನ್ನು ಆಧರಿಸಿ ಗಸ್ತು ನಿರ್ಧರಿಸಿದರೆ ಸುರುಳಿ ಖಂಡಿತ ಬಿಗಿಯುತ್ತದೆ. ಕಾಫಿ ಕಳವು ಮಾಲೀಕರು ಬಂದು ಹೇಳಿದರೆ ಮಾತ್ರ ಗೊತ್ತಾಗುವಂಥದ್ದು, ಗಸ್ತು ಹೆಚ್ಚಿದ ಮಾತ್ರಕ್ಕೆ ಅದರ ದೂರು ಹೆಚ್ಚುವುದಿಲ್ಲ. ಆದ್ದರಿಂದಲೇ ಸ್ಥಳದ ಮುನ್ಸೂಚನೆಯನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಅಲ್ಲಿಯ ತೊಡಕು ಬೇರೆ. ನಮ್ಮಲ್ಲಿ ಪ್ರಕರಣಗಳ ಸಂಖ್ಯೆಯೇ ಊಹೆಗೆ ಸಾಲದು.

ಲೆಕ್ಕ ಹಾಕಿ ನೋಡೋಣ. ಸಾವಿರ ಚದರ ಕಿಲೋಮೀಟರಿನ ಒಂದು ತಾಲ್ಲೂಕನ್ನು ಅರ್ಧ ಕಿಲೋಮೀಟರಿನ ಚೌಕಗಳಾಗಿ ಮಾಡಿದರೆ 4,000 ಚೌಕಗಳಾಗುತ್ತವೆ. ಕೊಯ್ಲಿನ ನೂರು ರಾತ್ರಿಗಳಲ್ಲಿ ಒಟ್ಟು 40 ಕಳವು ದಾಖಲಾಗುತ್ತವೆ ಎಂದು ಇಟ್ಟುಕೊಳ್ಳಿ. ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು, ಯಾವ ತಾಲ್ಲೂಕಿನವೂ ಅಲ್ಲ. ಕಣ್ಣು ಮುಚ್ಚಿ ಒಂದು ಚೌಕವನ್ನೂ ಒಂದು ರಾತ್ರಿಯನ್ನೂ ಆರಿಸಿದರೆ ಅಲ್ಲಿ ಕಳವಾಗುವ ಸಂಭವ ಹತ್ತು ಸಾವಿರದಲ್ಲಿ ಒಂದು. ತಂತ್ರಾಂಶ ಇದನ್ನು ಇಪ್ಪತ್ತು ಪಟ್ಟು ಉತ್ತಮಪಡಿಸಿತು ಎಂದು ಧಾರಾಳವಾಗಿ ಒಪ್ಪಿದರೂ ಐನೂರರಲ್ಲಿ ಒಂದಾಯಿತು. ಅಂದರೆ ಗಣಕ ತೋರಿಸಿದ ಜಾಗಕ್ಕೆ ಐನೂರು ರಾತ್ರಿ ಹೋದರೆ ಒಮ್ಮೆ ಕಳ್ಳ ಬಂದಿರುತ್ತಾನೆ, ಉಳಿದ 499 ಬಾರಿ ಪೇದೆ ಬೈಕಿನಲ್ಲಿ ಹೋಗಿ ಕತ್ತಲು ನೋಡಿಕೊಂಡು ಬರುತ್ತಾನೆ. ಕಣ, ಗೋದಾಮು, ಟಾರು ರಸ್ತೆಯ ಪಕ್ಕದ ತಿರುವು ಎಂದು ಜಾಗಗಳನ್ನು ಕಡಿಮೆ ಮಾಡಬಹುದಲ್ಲ ಎನ್ನುತ್ತೀರಿ. ಮಾಡಬಹುದು, ಆದರೆ ಅಷ್ಟನ್ನು ನಿಮ್ಮ ಬೀಟ್ ಪೊಲೀಸರೂ ನೀವೂ ಚಹಾ ಕುಡಿಯುತ್ತಾ ಪಟ್ಟಿ ಮಾಡಬಲ್ಲಿರಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಕಡೆ ರಾತ್ರಿ ತೋಟದ ರಸ್ತೆಯಲ್ಲಿ ಒಂಟಿ ಪೇದೆಗೆ ಎದುರಾಗುವುದು ಕಳ್ಳನಿಗಿಂತ ಆನೆಯೇ ಹೆಚ್ಚು ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಆನೆಯ ಮಾತು ಬಂದದ್ದರಿಂದ ಒಂದು ಸಂಗತಿ. ‘ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ತಿಳಿಸುವುದಾದರೆ, ಕಳ್ಳ ಎಲ್ಲಿ ಬರುತ್ತಾನೆಂದು ಪೊಲೀಸರು ಏಕೆ ತಿಳಿಸಬಾರದು?’ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಲರ್ ತೊಡಿಸಿದ ಆನೆಯ ಬಗ್ಗೆ ಬರುವ ಸಂದೇಶ ಈಗ ಅದು ನಿಜವಾಗಿ ನಿಂತಿರುವ ಜಾಗವನ್ನು ಹೇಳುತ್ತದೆ. ಅಪರಾಧದ ಮುನ್ಸೂಚನೆ ಹೇಳುವುದು ಹಿಂದೆ ದೂರು ಬಂದ ಜಾಗವನ್ನು. ಆನೆಯ ಸಂದೇಶ ಓದಿದವನು ಮಾಡುವುದು ಮಕ್ಕಳನ್ನು ಒಳಗೆ ಕರೆದುಕೊಳ್ಳುವುದು, ಕೆಲಸಕ್ಕೆ ತಡವಾಗಿ ಹೊರಡುವುದು ಇಷ್ಟೇ. ಸಂದೇಶ ತಪ್ಪಾದರೆ ಒಂದು ಗಂಟೆ ನಷ್ಟ. ಅಪರಾಧದ ಸಂದೇಶ ತಪ್ಪಾದಾಗ ನಷ್ಟವಾಗುವುದು ಆ ಹೊತ್ತಿಗೆ ಆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಇನ್ನೊಬ್ಬ ಮನುಷ್ಯನಿಗೆ.

ಹೊರಗಿನ ಅನುಭವವೂ ಈ ಲೆಕ್ಕವನ್ನೇ ಹೇಳುತ್ತದೆ. ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ 2012ರಲ್ಲಿ ನಡೆದ ಪ್ರಯೋಗವನ್ನು ಪರಿಶೀಲಿಸಿದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ, ಮುನ್ಸೂಚನೆ ಬಳಸಿದ ವಲಯಗಳಿಗೂ ಬಳಸದ ವಲಯಗಳಿಗೂ ಆಸ್ತಿ ಅಪರಾಧಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು ವರದಿ ಮಾಡಿತು. ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್ ಎಂಬ ಊರಿಗೆ ಪ್ರೆಡ್‌ಪೋಲ್ 2018ರಲ್ಲಿ ಕೊಟ್ಟಿದ್ದ 23,631 ಮುನ್ಸೂಚನೆಗಳನ್ನು ಪತ್ರಕರ್ತರು ನಂತರ ತಾಳೆ ನೋಡಿದಾಗ, ನಿಜವಾಗಿ ದಾಖಲಾದ ಅಪರಾಧದೊಡನೆ ಹೊಂದಿಕೊಂಡದ್ದು ನೂರಕ್ಕೂ ಕಡಿಮೆ. ಮಹಾನಗರದ ಪಕ್ಕದ ಒತ್ತೊತ್ತಾದ ಊರಿನಲ್ಲೇ ಹೀಗಾದರೆ, ನೆರೆಮನೆಗೆ ಕೂಗು ಕೇಳಿಸದ ಮಲೆನಾಡಿನಲ್ಲಿ ಏನನ್ನು ನಿರೀಕ್ಷಿಸೋಣ?

ಇನ್ನು ‘ಯಾರು’ ಎಂಬ ಪ್ರಶ್ನೆ. ಇಲ್ಲಿ ನನ್ನ ವಿರೋಧಕ್ಕೆ ಷರತ್ತುಗಳಿಲ್ಲ. ಷಿಕಾಗೊದ ಪಟ್ಟಿಯ ಮೊದಲ ಆವೃತ್ತಿಯಲ್ಲಿದ್ದ 426 ಜನರನ್ನು ರ‍್ಯಾಂಡ್ ಸಂಶೋಧಕರು ಹಿಂಬಾಲಿಸಿ ನೋಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪಟ್ಟಿಯಲ್ಲಿದ್ದದ್ದರಿಂದ ಅವರಿಗೆ ಗುಂಡೇಟಿನಿಂದ ರಕ್ಷಣೆ ಸಿಗಲಿಲ್ಲ. ಹೆಚ್ಚಿದ್ದು ಗುಂಡಿನ ಪ್ರಕರಣಗಳಲ್ಲಿ ಅವರ ಬಂಧನ. ಪ್ರಕರಣ ನಡೆದಾಗ ಕೈಗೆ ಮೊದಲು ಸಿಗುವುದು ಪಟ್ಟಿ, ಪೊಲೀಸರು ಅದರೊಳಗೇ ಹುಡುಕಿರಬಹುದು. ಐರೋಪ್ಯ ಒಕ್ಕೂಟವು 2025ರ ಫೆಬ್ರವರಿ 2ರಿಂದ, ಕೇವಲ ವ್ಯಕ್ತಿಯ ಹಿನ್ನೆಲೆ ಮತ್ತು ಸ್ವಭಾವಲಕ್ಷಣಗಳ ಆಧಾರದಲ್ಲಿ ಅವನು ಅಪರಾಧ ಮಾಡುವನೆಂದು ಅಂದಾಜಿಸುವ ಕೃತಕ ಬುದ್ಧಿಮತ್ತೆಯನ್ನು ನಿಷೇಧಿಸಿರುವುದು ಇಂಥ ಅನುಭವಗಳ ನಂತರ.

ನಮಗೆ ಈ ಪಾಠ ಕಲಿಯಲು ಷಿಕಾಗೊಗೆ ಹೋಗಬೇಕಾಗಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದ್ದು ಹುಟ್ಟಿನಿಂದಲೇ ಅಪರಾಧವನ್ನು ಊಹಿಸುವ ಕೆಲಸವನ್ನು. ಗಣಕ ಇರಲಿಲ್ಲ ಅಷ್ಟೆ, ರಿಜಿಸ್ಟರು ಇತ್ತು, ಹಾಜರಿ ಇತ್ತು, ಊರು ಬಿಡಲು ಪಾಸು ಇತ್ತು. 1952ರಲ್ಲಿ ಆ ಕಾಯ್ದೆ ರದ್ದಾದರೂ ರೂಢಿಯ ಅಪರಾಧಿಗಳ ಕಾಯ್ದೆಗಳು ಅದರ ಜಾಗದಲ್ಲಿ ಬಂದವು, ಕರ್ನಾಟಕದ್ದು 1961ರದು. ರೌಡಿ ಶೀಟು, ಅಪರಾಧ ಎಸಗುವ ವೈಖರಿಯಂತೆ ಹಳೆಯ ಆರೋಪಿಗಳನ್ನು ದಾಖಲಿಸುವ ಎಂಒಬಿ ಕಾರ್ಡುಗಳ ಪದ್ಧತಿ ಇಂದಿಗೂ ಇದೆ. ಸುಪ್ರೀಂ ಕೋರ್ಟ್ 2024ರ ಮೇ 7ರಂದು ದೆಹಲಿಯ ಪ್ರಕರಣವೊಂದರಲ್ಲಿ, ಹಿಂದುಳಿದ, ಪರಿಶಿಷ್ಟ ಅಥವಾ ಬಡ ಹಿನ್ನೆಲೆಯವರೆಂಬ ಕಾರಣಕ್ಕೆ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಪೊಲೀಸರ ನಿಗಾ ಪಟ್ಟಿಯಾದ ಹಿಸ್ಟರಿ ಶೀಟಿಗೆ ಸೇರುವುದರ ಬಗ್ಗೆ ಎಚ್ಚರಿಸಿ, ಇಂಥ ನಮೂದುಗಳನ್ನು ಹಿರಿಯ ಅಧಿಕಾರಿಗಳು ಕಾಲಕಾಲಕ್ಕೆ ಪರಿಶೀಲಿಸಬೇಕೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್ 3ರಂದು, ವಿಮುಕ್ತ ಬುಡಕಟ್ಟುಗಳನ್ನು (ಹಿಂದೆ ಆ 1871ರ ಕಾಯ್ದೆಯ ಪಟ್ಟಿಯಲ್ಲಿದ್ದವರನ್ನು) ರೂಢಿಯ ಅಪರಾಧಿಗಳೊಡನೆ ಸಮೀಕರಿಸುವ ಜೈಲು ಕೈಪಿಡಿಗಳ ನಿಯಮಗಳನ್ನು ರದ್ದುಮಾಡಿತು. ಈ ಶೀಟುಗಳನ್ನು ದತ್ತಾಂಶವೆಂದು ಯಂತ್ರಕ್ಕೆ ಕೊಟ್ಟರೆ, ನ್ಯಾಯಾಲಯ ಸಂದೇಹಪಟ್ಟ ಹಳೆಯ ಅಭ್ಯಾಸ ಹೊಸ ಅಂಗಿ ತೊಟ್ಟು ಹಿಂದಿರುಗುತ್ತದೆ.

ಈಗ ನಿಮ್ಮ ಸಭೆ ಕೊಡಬೇಕೆಂದಿರುವ ಪಟ್ಟಿಯನ್ನು ನೋಡಿ. ಅದರಲ್ಲಿ ಅಸ್ಸಾಮಿನಿಂದ, ಬಂಗಾಳದಿಂದ, ಉತ್ತರ ಕರ್ನಾಟಕದಿಂದ ಬಂದು ಹಣ್ಣು ಕೊಯ್ಯುವವರ ಹೆಸರುಗಳಿವೆ. ಮಾಲು ಸಾಗಿಸಿದ ಪಿಕಪ್ಪಿನ ಚಾಲಕ ಅದರಲ್ಲಿಲ್ಲ, ಕಡಿಮೆ ದರಕ್ಕೆ ಪ್ರಶ್ನೆ ಕೇಳದೆ ಕೊಂಡ ವ್ಯಾಪಾರಿ ಇಲ್ಲ, ನಿಮ್ಮ ಕಣಕ್ಕೆ ನಾಯಿ ಬೊಗಳದಂತೆ ಬಂದು ಹೋಗಬಲ್ಲ ಪರಿಚಿತನೂ ಇಲ್ಲ. ಪಟ್ಟಿಯಲ್ಲಿ ಒಂದೇ ಬಗೆಯ ಜನರಿದ್ದರೆ, ಸಿಸಿಟಿವಿಯ ಮಸುಕು ಮುಖಕ್ಕೆ ತಾಳೆಯಾಗುವ ಹೆಸರೂ ಅದೇ ಬಗೆಯದಾಗಿರುತ್ತದೆ. ಲೈನ್ ಮನೆಯವರು ಕದಿಯುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಕದ್ದವರನ್ನು ಗುರುತಿಸುವ ಶಕ್ತಿ ಆ ಪಟ್ಟಿಗೆ ಇಲ್ಲ, ಕದಿಯದವರನ್ನು ಠಾಣೆಗೆ ಕರೆಸುವ ಶಕ್ತಿ ಮಾತ್ರ ಇದೆ. ಕಾನೂನಿನ ತೊಡಕೂ ಇದೆ. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಕೆಲಸಕ್ಕೆ ಸೇರಿಸಿಕೊಳ್ಳಲು ಪಡೆದ ಆಧಾರ್ ಪ್ರತಿಯನ್ನು ಕಾರ್ಮಿಕನಿಗೆ ತಿಳಿಸದೆ ಸಂದೇಹಿತರ ಕೋಶಕ್ಕೆ ಸೇರಿಸುವುದು ಆ ತೀರ್ಪಿನ ಆಶಯಕ್ಕೆ ಹೊಂದುವಂಥದ್ದಲ್ಲ. ನಿರ್ದಿಷ್ಟ ಪ್ರಕರಣದ ತನಿಖೆಯಲ್ಲಿ ಪೊಲೀಸರು ಬರಹದಲ್ಲಿ ಮಾಹಿತಿ ಕೇಳಿದರೆ ಕೊಡುವುದು ಬೇರೆ ವಿಷಯ, ಅದು ನಿಮ್ಮ ಕರ್ತವ್ಯವೂ ಹೌದು. ಇನ್ನೊಂದು, ವ್ಯವಹಾರದ ಮಾತು: ಕೊಯ್ಲಿನ ಆಳುಗಳಿಗಾಗಿ ತೋಟಗಳು ಪರದಾಡುತ್ತಿರುವ ಈ ಕಾಲದಲ್ಲಿ, ಠಾಣೆಗೆ ಫೋಟೊ ಕೊಡುವ ಊರೆಂದು ಹೆಸರು ಬಿದ್ದರೆ ಮುಂದಿನ ಡಿಸೆಂಬರಿನಲ್ಲಿ ಹಣ್ಣು ಗಿಡದಲ್ಲೇ ಒಣಗೀತು.

ಹಾಗಾದರೆ ದತ್ತಾಂಶದಿಂದ ನಿಮಗೆ ಏನೂ ಉಪಯೋಗವಿಲ್ಲವೇ? ಇದೆ, ಆದರೆ ನೀವು ನೋಡುತ್ತಿರುವ ತುದಿಯಲ್ಲಲ್ಲ. ಕದ್ದ ಪಾರ್ಚ್‌ಮೆಂಟನ್ನು ಯಾರೂ ಮನೆಯಲ್ಲಿ ಹುರಿದು ಕುಡಿಯುವುದಿಲ್ಲ. ಅದು ತಕ್ಕಡಿಯ ಮೇಲೆ ಕೂರಲೇಬೇಕು, ವ್ಯಾಪಾರಿಯ ಗೋದಾಮನ್ನೋ ಚಿಕ್ಕಮಗಳೂರು, ಹಾಸನದಲ್ಲಿ ಬೀಜವನ್ನು ಹೊಟ್ಟು ತೆಗೆದು ಹಸನುಗೊಳಿಸುವ ಕ್ಯೂರಿಂಗ್ ವರ್ಕ್ಸನ್ನೋ ಮುಟ್ಟಲೇಬೇಕು. ಕಳವಿನ ಜಾಗಗಳು ಸಾವಿರಾರು, ಮಾರಾಟದ ಬಾಗಿಲುಗಳು ಬೆರಳೆಣಿಕೆಯಷ್ಟು. ಎಲ್ಲ ಖರೀದಿದಾರರೂ ತಂದವರ ಹೆಸರು, ತೋಟ, ತೂಕ, ವಾಹನದ ಸಂಖ್ಯೆಯನ್ನು ಬರೆದಿಡುವುದು, ಒಂದು ಎಕರೆಯೂ ಇಲ್ಲದವನು ಹತ್ತು ಚೀಲ ತಂದರೆ ವಿಚಾರಿಸುವುದು, ಆ ಪುಸ್ತಕವನ್ನು ಕಳವಾದ ದಿನದೊಡನೆ ತಾಳೆ ನೋಡುವುದು, ಇವೆಲ್ಲ ಭೂಕಂಪದ ಗಣಿತ ಬೇಡುವ ಕೆಲಸಗಳಲ್ಲ. ಕಳವಿನ ಮಾಲೆಂದು ತಿಳಿದು ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಈ ಸಲಹೆ ಸಭೆಯಲ್ಲಿ ಕೆಲವರಿಗೆ ರುಚಿಸಲಾರದು. ಬೆಳೆಗಾರರಲ್ಲೇ ವ್ಯಾಪಾರಿಗಳೂ ಇರುತ್ತಾರೆ. ಕಾರ್ಮಿಕರ ಪಟ್ಟಿಗೆ ಎದ್ದಷ್ಟು ಕೈಗಳು ಖರೀದಿಯ ಪುಸ್ತಕಕ್ಕೆ ಏಳುವವೋ ಇಲ್ಲವೋ ನೋಡಬೇಕು.

ಠರಾವಿನ ಮೊದಲ ಭಾಗವನ್ನು ಉಳಿಸಿಕೊಳ್ಳುವುದಾದರೆ ಅದನ್ನು ಹೀಗೆ ತಿದ್ದಲು ಸೂಚಿಸಿ. ಮುನ್ಸೂಚನೆ ಸ್ಥಳ ಮತ್ತು ಹೊತ್ತಿಗೆ ಸೀಮಿತವಾಗಿರಬೇಕು, ಸಾರ್ವಜನಿಕರು ದೂರು ಕೊಟ್ಟ ಆಸ್ತಿ ಕಳವುಗಳನ್ನು ಮಾತ್ರ ಆಧರಿಸಬೇಕು. ಅಸಂಜ್ಞೇಯ ದೂರುಗಳನ್ನೂ ಅದಕ್ಕೆ ಸೇರಿಸಬೇಕು, ಇಲ್ಲವಾದರೆ ಸಣ್ಣವರ ಕಳವು ನಕ್ಷೆಯಿಂದ ಮಾಯವಾಗುತ್ತದೆ. ದುಡ್ಡು ಸುರಿಯುವ ಮುನ್ನ ಒಂದು ಕೊಯ್ಲಿನ ಕಾಲ ಪರೀಕ್ಷೆ ನಡೆಯಲಿ: ಪ್ರತಿ ಸೋಮವಾರ ಬೀಟ್ ಪೊಲೀಸರು ತಮ್ಮ ಅನುಭವದಿಂದ ಹತ್ತು ಜಾಗ ಬರೆದು ಲಕೋಟೆಯಲ್ಲಿಡಲಿ, ತಂತ್ರಾಂಶವೂ ಹತ್ತು ಜಾಗ ಹೇಳಲಿ, ಕೊನೆಯಲ್ಲಿ ಯಾವುದು ಎಷ್ಟು ಸರಿ ಬಂತೆಂದು ಎಲ್ಲರ ಮುಂದೆ ಎಣಿಸಲಿ. ಗಣಕ ಗೆದ್ದರೆ ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೆದ್ದರೂ ಗಣಕ ಹೇಳಿತೆಂಬುದೇ ಯಾರನ್ನಾದರೂ ತಡೆದು ಶೋಧಿಸಲು ಅಥವಾ ಬಂಧಿಸಲು ಕಾರಣವಾಗಬಾರದು. ಬಂಧನಕ್ಕೆ ಬೇಕಾದ ಆಧಾರಗಳು ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿವೆ, ‘ಈ ಚೌಕದಲ್ಲಿ ನಿಂತಿದ್ದ’ ಎಂಬುದು ಅವುಗಳಲ್ಲಿಲ್ಲ.

ಕೊನೆಗೆ ನಿಮ್ಮ ಆರು ಚೀಲಗಳ ವಿಷಯ. ದೂರು ಕೊಟ್ಟದ್ದಾಗಿ ನೀವು ಬರೆದಿಲ್ಲ. ಕೊಟ್ಟಿಲ್ಲವಾದರೆ ಈಗಲೂ ಕೊಡಿ. ತಡವಾದದ್ದು ದೂರನ್ನು ನಿರಾಕರಿಸಲು ಕಾರಣವಲ್ಲ, ತಡಕ್ಕೆ ಕಾರಣ ಬರೆದರಾಯಿತು. ಮೌಲ್ಯ 5,000 ರೂಪಾಯಿ ಮೀರಿರುವುದರಿಂದ ಎಫ್‌ಐಆರ್ ಆಗಬೇಕು, ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ದೂರಿನಲ್ಲಿ ‘ಕಾಫಿ ಚೀಲಗಳು’ ಎಂದಷ್ಟೇ ಬರೆಯದೆ, ಅರೇಬಿಕಾವೋ ರೊಬಸ್ಟಾವೋ, ಚೀಲದ ಮೇಲಿನ ಗುರುತು, ಹೊಲಿದ ದಾರದ ಬಣ್ಣ, ಅಂದಾಜು ತೂಕ, ಕೊನೆಯದಾಗಿ ಕಂಡ ಹೊತ್ತು ಮತ್ತು ಕಾಣೆಯಾದದ್ದು ಗೊತ್ತಾದ ಹೊತ್ತು ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿ. ನಿಮ್ಮ ಇಬ್ಬರು ನೆರೆಯವರಿಂದಲೂ ಇದನ್ನೇ ಬರೆಸಿ.